ಬ್ಯಾಲೆ ನೋಡೋಕೆ ಯಾರಿಂದ ಶುರು ಮಾಡೋದು? ನುರಿಯೇವಾ, ಬರಿಷ್ನಿಕಾವಾ, ಪ್ಲಿಸೆಟ್ಸ್ಕಾಯಾನಾ, ಇಲ್ಲಾ ಅಲೊನ್ಸೋನಾ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಹಾಸನದಲ್ಲೇ ಆರು ವರ್ಷದಿಂದ ಭರತನಾಟ್ಯ ಕಲೀತಿದಾಳೆ. ಸ್ಕೂಲಲ್ಲಿ ಹೊರದೇಶದ ಒಬ್ರು ನೃತ್ಯ ಕಲಾವಿದರ ಮೇಲೆ ಪ್ರಾಜೆಕ್ಟ್ ಮಾಡ್ಕೊಂಡ್ ಬನ್ನಿ ಅಂದಿದ್ರಂತೆ, ಬ್ಯಾಗೂ ಇಳಿಸದೆ ಸೀದಾ ನಮ್ಮನೆಗೆ ಬಂದು, "ಮಾಮ, ನೀನು ರಾತ್ರಿ ಹೊತ್ತು ಫೋನಲ್ಲಿ ಬ್ಯಾಲೆ ನೋಡ್ತಾ ಕೂತಿರ್ತೀಯಲ್ಲ, ಅದ್ರಲ್ಲಿ ಒಂದು ಹೆಸ್ರು ಹೇಳು ಸಾಕು" ಅಂದ್ಳು. ಒಂದು ಹೆಸ್ರಂತೆ! ಊರಲ್ಲಿ ದೋಸೆ ಎಲ್ಲಿ ಚೆನ್ನಾಗಿರತ್ತೆ ಅಂತ ಕೇಳಿದ್ರೇ ನಾನು ಒಂದು ಹೆಸ್ರಲ್ಲಿ ಮುಗಿಸೋನಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಡ್ಯಾನ್ಸ್ ಕಲಿತೋನಲ್ಲ. ಮೂರು ವರ್ಷದ ಹಿಂದೆ ಬೈಕಿಂದ ಬಿದ್ದು ಮಂಡಿ ಲಿಗಮೆಂಟ್ ಹರಿದು ಎರಡು ತಿಂಗಳು ಮಂಚ ಬಿಟ್ಟು ಎದ್ದಿಲ್ಲ, ಕ್ರಿಕೆಟ್ ಹೈಲೈಟ್ಸ್ ಎಲ್ಲಾ ನೋಡಿ ಮುಗಿದ್ಮೇಲೆ ಫೋನು ತಾನಾಗೇ ಯಾವನೋ ಒಬ್ಬ ಗಾಳೀಲಿ ನಿಂತಂಗೆ ನಿಂತಿರೋ ವಿಡಿಯೋ ತೋರಿಸ್ತು, ಅಲ್ಲಿಂದ ಹಿಡ್ದಿದ್ದು ಈ ಚಟ. ಕಾಲು ಎತ್ತೋಕಾಗದೆ ಮಲಗಿರೋನು ಕಾಲಿನ ಮೇಲೇ ಬದುಕೋ ಜನರನ್ನ ನೋಡ್ತಿದ್ದೆ. ಹಂಗಾಗಿ ಯಾರೇ ಡ್ಯಾನ್ಸರ್ ಆಗ್ಲಿ, ಕಾಲು ಎಷ್ಟು ಮೇಲೆ ಹೋಯ್ತು, ಎಷ್ಟು ಸುತ್ತು ಸುತ್ತಿದ್ರು ಅನ್ನೋದಕ್ಕಿಂತ ಮೈ "ಇನ್ನು ಸಾಕು ಕಣಪ್ಪ" ಅಂದಾಗ ಇವ್ರು ಏನ್ ಮಾಡಿದ್ರು ಅಂತ ನೋಡೋದು ನಂಗೆ ಅಭ್ಯಾಸ ಆಗೋಯ್ತು. ನಮ್ಮಪ್ಪ ಸರ್ಕಾರಿ ಕೆಲಸದಲ್ಲಿ 60ಕ್ಕೆ ರಿಟೈರ್ ಆದ್ರು. ಪ್ಯಾರಿಸ್ ಒಪೇರಾ ಬ್ಯಾಲೆಯಲ್ಲಿ ಡ್ಯಾನ್ಸರ್‌ಗಳಿಗೆ 42ಕ್ಕೇ ಪೆನ್ಷನ್ ಕೊಟ್ಟು ಮನೆಗೆ ಕಳಿಸ್ತಾರೆ. ನಮ್ಮಲ್ಲಿ 42ಕ್ಕೆ ಹೋಮ್ ಲೋನ್ ಅರ್ಧ ತೀರಿರಲ್ಲ ಕಣ್ರಿ.

ಸರಿ, ಶುರು ಮಾಡೋದು ಯಾರಿಂದ. ಎಲ್ರೂ ಮೊದ್ಲು ಕೇಳೋದು ನುರಿಯೇವಾ ಬರಿಷ್ನಿಕಾವಾ ಅಂತ, ರಾಜ್‌ಕುಮಾರಾ ವಿಷ್ಣುವರ್ಧನಾ ಅಂದಂಗೆ. ಇಬ್ರೂ ಲೆನಿನ್‌ಗ್ರಾಡಲ್ಲಿ ಒಬ್ರೇ ಗುರು ಹತ್ರ ಕಲಿತೋರು, ಅಲೆಕ್ಸಾಂಡರ್ ಪುಷ್ಕಿನ್ ಅಂತ, ಕವಿ ಅಲ್ಲ, ಅದೇ ಹೆಸ್ರಿನ ಡ್ಯಾನ್ಸ್ ಮೇಷ್ಟ್ರು. ಇಬ್ರೂ ಸೋವಿಯತ್ ಬಿಟ್ಟು ಓಡಿ ಬಂದೋರು. ಅಲ್ಲಿಗೆ ಹೋಲಿಕೆ ಮುಗೀತು.

ರುಡಾಲ್ಫ್ ನುರಿಯೇವ್ ಹುಟ್ಟಿದ್ದೇ ರೈಲಲ್ಲಿ, 1938ರಲ್ಲಿ, ಸೈಬೀರಿಯಾ ದಾಟೋ ಗಾಡೀಲಿ. ಬೆಳ್ದಿದ್ದು ಉಫಾ ಅನ್ನೋ ಊರಲ್ಲಿ, ಬಡತನ, ಅಪ್ಪ ಸೇನೆಯಲ್ಲಿದ್ದೋರು, ಮಗ ಕುಣಿಯೋದು ಅವ್ರಿಗೆ ಸುತರಾಂ ಇಷ್ಟ ಇಲ್ಲ. ಲೆನಿನ್‌ಗ್ರಾಡಿನ ದೊಡ್ಡ ಸ್ಕೂಲಿಗೆ ಸೇರಿದಾಗ ವಯಸ್ಸು 17, ಆ ಕಡೆ ಹತ್ತು ವರ್ಷಕ್ಕೇ ಸೇರಿಸ್ತಾರೆ, ಅಂದ್ರೆ ಪಿಯುಸಿ ಮುಗಿಸಿ ಒಂದನೇ ಕ್ಲಾಸಿಗೆ ಹೋಗಿ ಕೂತಂಗೆ. 1961ರ ಜೂನಲ್ಲಿ ಪ್ಯಾರಿಸ್ ಏರ್‌ಪೋರ್ಟಲ್ಲಿ ತಂಡದೋರೆಲ್ಲ ಲಂಡನ್‌ಗೆ ಹೊರಟು ನಿಂತಿದಾರೆ, ಇವ್ರಿಗೆ ಮಾತ್ರ "ನೀನು ಮಾಸ್ಕೋಗೆ ವಾಪಸ್ ನಡಿ" ಅಂದ್ರು, ಅಲ್ಲಿಗೆ ಹೋದ್ರೆ ಇನ್ನು ಹೊರಗೆ ಬಿಡಲ್ಲ ಅಂತ ಗೊತ್ತಾಗಿ ಫ್ರೆಂಚ್ ಪೊಲೀಸರ ಹತ್ರ ಓಡಿಹೋಗಿ ಇಲ್ಲೇ ಇರ್ತೀನಿ ಅಂದ್ಬಿಟ್ರು. ಆಗ 23 ವರ್ಷ. ಮತ್ತೆ ತಾಯಿ ಮುಖ ನೋಡೋಕೆ ಸಿಕ್ಕಿದ್ದು 1987ರಲ್ಲಿ.

ನುರಿಯೇವ್ ಡ್ಯಾನ್ಸ್ ನೀಟಾಗಿರಲ್ಲ, ಇಳಿಯುವಾಗ ಕೆಲವು ಸಲ ಧಡ್ ಅಂತ ಇಳೀತಾರೆ, ತಡವಾಗಿ ಕಲಿತಿದ್ದು ಅಲ್ಲಿ ಕಾಣ್ಸತ್ತೆ. ಆದ್ರೆ ಸ್ಟೇಜಿಗೆ ಬಂದ್ರೆ ಬೇರೆಯವ್ರನ್ನ ನೋಡೋಕಾಗಲ್ಲ. ಅವ್ರಿಗಿಂತ ಮುಂಚೆ ಬ್ಯಾಲೆಯಲ್ಲಿ ಗಂಡಸು ಅಂದ್ರೆ ಹೆಚ್ಚಾಗಿ ಹೆಂಗಸನ್ನ ಎತ್ತಿ ಇಳ್ಸೋ ಕೆಲಸ, ಇವ್ರು ಬಂದು ಗಂಡಸಿಗೂ ಉದ್ದುದ್ದ ಸೋಲೋ ಹಾಕಿ ನಂಗೂ ಪಾಲು ಕೊಡಿ ಅಂದಂಗೆ ಮಾಡಿದ್ರು. ಲಂಡನ್‌ನ ರಾಯಲ್ ಬ್ಯಾಲೆಯ ತಾರೆ ಮಾರ್ಗೋ ಫಾಂಟೇನ್ ಜೊತೆ ಇವ್ರ ಜೋಡಿ ಇದೆಯಲ್ಲ, ಅದು ಬೇರೇನೇ ಕಥೆ. 1962ರಲ್ಲಿ ಲಂಡನ್‌ನಲ್ಲಿ ಇಬ್ರೂ ಮೊದಲ ಸಲ ಜಿಸೆಲ್ ಅನ್ನೋ ಬ್ಯಾಲೆ ಮಾಡ್ದಾಗ ಆಯಮ್ಮಂಗೆ 42, ಈತಂಗೆ 23. ಎಲ್ರೂ ಆಯಮ್ಮಂದು ಇನ್ನೇನ್ ಮುಗೀತು ಅಂದ್ಕೊಂಡಿದ್ರು, ಅಲ್ಲಿಂದ ಎರಡನೇ ಇನ್ನಿಂಗ್ಸ್ ಶುರುವಾಯ್ತು. 1964ರಲ್ಲಿ ವಿಯೆನ್ನಾದಲ್ಲಿ ಸ್ವಾನ್ ಲೇಕ್ ಮುಗಿದ್ಮೇಲೆ ಜನ ಬಿಡ್ಲೇ ಇಲ್ಲ, 89 ಸಲ ಪರದೆ ಎತ್ತಿ ಇಳ್ಸಿ ಎತ್ತಿ ಇಳ್ಸಿ ಮಾಡಿದ್ರಂತೆ. ಪರದೆ ಎಳೆಯೋನ ಕೈ ಕಥೆ ಯಾರೂ ಬರ್ದಿಲ್ಲ ಪಾಪ.

ಫಾಂಟೇನ್ ಬಗ್ಗೆ ಇನ್ನೊಂದು ಮಾತು ಹೇಳ್ದೆ ಮುಂದಕ್ಕೆ ಹೋಗಲ್ಲ. 1964ರಲ್ಲಿ ಗಂಡಂಗೆ ಪನಾಮಾದಲ್ಲಿ ಯಾರೋ ಗುಂಡು ಹೊಡ್ದು ಕೈಕಾಲು ಸ್ವಾಧೀನ ತಪ್ಪಿಹೋಯ್ತು. ಆ ಆರೈಕೆ, ಆಸ್ಪತ್ರೆ ಖರ್ಚು ಎಲ್ಲಾ ಇವ್ರ ಕಾಲಿನ ದುಡಿಮೆ ಮೇಲೆ. ಅರವತ್ತು ಹತ್ರ ಬರೋವರ್ಗೂ ಪಾಯಿಂಟ್ ಶೂ (ಕಾಲ್ಬೆರಳ ತುದಿ ಮೇಲೆ ನಿಲ್ಲೋಕೆ ಹಾಕೋ ಶೂ) ಬಿಚ್ಚಿಡೋಕಾಗ್ಲಿಲ್ಲ. ಈಗಿನ ಲೆಕ್ಕದಲ್ಲಿ ಅವ್ರ ಕಾಲು ಅಷ್ಟೇನ್ ಮೇಲೆ ಹೋಗಲ್ಲ, ಈಗಿನ ಹುಡುಗೀರು ಕ್ಲಾಸಲ್ಲೇ ಅದಕ್ಕಿಂತ ಎತ್ತರ ಎತ್ತಾರೆ, ಆದ್ರೆ ಸ್ಲೀಪಿಂಗ್ ಬ್ಯೂಟಿಯಲ್ಲಿ ನಾಲ್ಕು ಜನ ರಾಜಕುಮಾರರು ಒಬ್ಬೊಬ್ರಾಗಿ ಕೈ ಹಿಡ್ದು ಬಿಡ್ತಾರಲ್ಲ, ಒಂದೇ ಕಾಲಿನ ತುದಿ ಮೇಲೆ ನಿಂತಿರೋ ಆಯಮ್ಮನ ಮುಖದಲ್ಲಿ ಒಂದು ಗೆರೆ ಕದಲಲ್ಲ. ನಮ್ಮ ಹುಡುಗಿ ಅದನ್ನ ನೋಡಿ "ಇದಕ್ಕೆ ಅಭಿನಯದ ಮಾರ್ಕ್ಸ್ ಕೊಡ್ಬೇಕು ಮಾಮ, ಬ್ಯಾಲೆನ್ಸ್‌ಗಲ್ಲ" ಅಂದ್ಳು. ಸರಿಯಾಗೇ ಅಂದ್ಳು.

ಈಗ ಬರಿಷ್ನಿಕಾವ್. ಹುಟ್ಟಿದ್ದು 1948, ಲಾಟ್ವಿಯಾದ ರಿಗಾದಲ್ಲಿ. ಆಳು ಕುಳ್ಳ, ಮುಖ ಹುಡುಗನ ಮುಖ, ಇಂಥೋನಿಗೆ ರಾಜಕುಮಾರನ ಪಾತ್ರ ಯಾರು ಕೊಡ್ತಾರೆ ಅನ್ನಿಸ್ಬೇಕು. ಆದ್ರೆ ಹಾರಿದ್ರೆ ಹಾರೋ ಮುಂಚೆ ತಯಾರಿನೇ ಕಾಣ್ಸಲ್ಲ, ಎಲ್ಲಿಂದ ಎದ್ರು ಅಂತ ಗೊತ್ತಾಗಲ್ಲ, ಇಳಿದಾಗ ಸದ್ದೂ ಇಲ್ಲ, ಬೆಕ್ಕು ಅಟ್ಟದಿಂದ ಇಳಿದಂಗೆ. 1974ರ ಜೂನಲ್ಲಿ ಟೊರಾಂಟೋದಲ್ಲಿ ಶೋ ಮುಗಿಸಿ ಅಭಿಮಾನಿಗಳ ಗುಂಪಿನ ಮಧ್ಯೆ ನುಸುಳಿ ಕಾದಿದ್ದ ಕಾರಿಗೆ ಓಡಿಹೋದ್ರು. ಆಮೇಲೆ ಅಮೆರಿಕದಲ್ಲಿ ಎಲ್ಲಾ ನೋಡಿದ್ರು ಬಿಡಿ, ಅಮೆರಿಕನ್ ಬ್ಯಾಲೆ ಥಿಯೇಟರ್‌ನಲ್ಲಿ ಸ್ಟಾರ್ ಆಗಿದ್ದೋರು ಅದನ್ನ ಬಿಟ್ಟು 1978ರಲ್ಲಿ ನೃತ್ಯ ಸಂಯೋಜಕ ಬಾಲನ್‌ಶೀನ್ ತಂಡಕ್ಕೆ ಹೋಗಿ ಹೊಸ ಶಿಷ್ಯನಂಗೆ ಕಲಿತ್ರು, ವಾಪಸ್ ಬಂದು 1980ರಿಂದ 89ರವರೆಗೆ ಅದೇ ಹಳೇ ತಂಡವನ್ನ ನಡೆಸಿದ್ರು. ಮಧ್ಯೆ ಸಿನಿಮಾ ಬೇರೆ, 1977ರ ದಿ ಟರ್ನಿಂಗ್ ಪಾಯಿಂಟ್‌ಗೆ ಆಸ್ಕರ್ ನಾಮಿನೇಷನ್. ವೈಟ್ ನೈಟ್ಸ್ ಅನ್ನೋ 1985ರ ಸಿನಿಮಾದಲ್ಲಿ 11 ರೂಬಲ್ ಬೆಟ್ ಕಟ್ಟಿ ಒಂದೇ ಕಾಲಲ್ಲಿ 11 ಸುತ್ತು ಸುತ್ತೋ ಸೀನ್ ಇದೆ, ಬ್ಯಾಲೆ ಅಂದ್ರೆ ಏನಪ್ಪಾ ಬಿಳೀ ಬಟ್ಟೆ ಹಾಕ್ಕೊಂಡು ನಿದ್ದೆ ಬರ್ಸೋದು ಅನ್ನೋ ಸ್ನೇಹಿತರಿಗೆ ನಾನು ತೋರ್ಸೋದು ಇದನ್ನೇ. ಇಲ್ಲೀವರ್ಗೂ ಒಬ್ರೂ ಎದ್ದು ಹೋಗಿಲ್ಲ.

ನನ್ ಪ್ರಕಾರ ಇವರಿಬ್ರನ್ನ ಬೇರೆ ಮಾಡೋದು ನಲವತ್ತು ದಾಟಿದ್ಮೇಲಿನ ವಯಸ್ಸು. ಬರಿಷ್ನಿಕಾವ್‌ಗೆ ಮಂಡಿ ಕೈಕೊಡ್ತಿತ್ತು, 42ನೇ ವಯಸ್ಸಲ್ಲಿ, 1990ರಲ್ಲಿ, ರಾಜಕುಮಾರನ ಕಿರೀಟ ತೆಗೆದಿಟ್ಟು ನೃತ್ಯ ಸಂಯೋಜಕ ಮಾರ್ಕ್ ಮಾರಿಸ್ ಜೊತೆ ಸೇರಿ ವೈಟ್ ಓಕ್ ಅಂತ ಸಣ್ಣ ತಂಡ ಮಾಡ್ಕೊಂಡು ಮಾಡರ್ನ್ ಡ್ಯಾನ್ಸ್ ಶುರು ಮಾಡಿದ್ರು, ಹಾರೋದು ಕಮ್ಮಿ, ನಡಿಗೆ ಜಾಸ್ತಿ. ನುರಿಯೇವ್ ನಿಲ್ಲಿಸ್ಲಿಲ್ಲ. ಪ್ಯಾರಿಸ್ ಒಪೇರಾ ಬ್ಯಾಲೆಗೆ 1983ರಿಂದ 89ರವರೆಗೆ ನಿರ್ದೇಶಕರಾಗಿ ಒಳ್ಳೊಳ್ಳೇ ಹುಡುಗ್ರನ್ನ ತಯಾರು ಮಾಡಿದ್ರು ನಿಜ, ಆದ್ರೆ ಏಡ್ಸ್ ಬಂದು ಮೈ ಸೋತ್ಮೇಲೂ ಟೂರ್ ಹೋದ್ರು, 1991ರಲ್ಲಿ ಇಂಗ್ಲೆಂಡಲ್ಲಿ ಕೆಲವು ಕಡೆ ಜನ ದುಡ್ಡು ವಾಪಸ್ ಕೊಡಿ ಅಂತ ಕೂಗಿದ್ರು. ಅದನ್ನ ಓದ್ದಾಗ ನಂಗೆ ಸಿಟ್ಟು ಬಂದಿದ್ದು ಜನರ ಮೇಲೋ ನುರಿಯೇವ್ ಮೇಲೋ ಇವತ್ತಿಗೂ ಗೊತ್ತಿಲ್ಲ. 1992ರ ಅಕ್ಟೋಬರಲ್ಲಿ ಪ್ಯಾರಿಸ್‌ನಲ್ಲಿ ಲಾ ಬಯಾದೇರ್ ಪ್ರೊಡಕ್ಷನ್ ಮುಗಿಸಿದ್ರು, ನಿಲ್ಲೋಕಾಗದೆ ಕುರ್ಚಿ ಮೇಲೇ ಕೂತು ಚಪ್ಪಾಳೆ ತಗೊಂಡ್ರು, ಮೂರು ತಿಂಗಳಲ್ಲಿ, 1993ರ ಜನವರಿ 6ಕ್ಕೆ, ಹೋಗ್ಬಿಟ್ರು. 54 ವರ್ಷ ಅಷ್ಟೇ.

ಈ ಲಾ ಬಯಾದೇರ್ ನಾವು ನೋಡ್ಲೇಬೇಕು, ನಗೋಕಾದ್ರೂ. 1877ರಲ್ಲಿ ಪೆಟಿಪಾ ಅನ್ನೋ ನೃತ್ಯ ಸಂಯೋಜಕ ಸೇಂಟ್ ಪೀಟರ್ಸ್‌ಬರ್ಗಲ್ಲಿ ಕೂತು ಕಟ್ಟಿದ ಇಂಡಿಯಾ ಅದು, ದೇವಸ್ಥಾನದ ನರ್ತಕಿ, ಅವಳ ಹಿಂದೆ ಬಿದ್ದಿರೋ ಪುರೋಹಿತ, ಫಕೀರರು, ಹಾವು, ಎಲ್ಲಾ ಸೇರ್ಸಿದಾರೆ. ನಮ್ಮ ಹುಡುಗಿ ಹೊಟ್ಟೆ ಹಿಡ್ಕೊಂಡು ನಕ್ಳು. ಆಮೇಲೆ ಮೂರನೇ ಅಂಕದಲ್ಲಿ ಬಿಳೀ ಬಟ್ಟೆಯ ನೆರಳುಗಳು ಇಳಿಜಾರಲ್ಲಿ ಒಬ್ಬೊಬ್ರಾಗಿ ಅದೇ ಒಂದು ಅರಬೆಸ್ಕ್ (ಒಂದು ಕಾಲಲ್ಲಿ ನಿಂತು ಇನ್ನೊಂದನ್ನ ಹಿಂದಕ್ಕೆ ಚಾಚೋದು) ಮಾಡ್ತಾ ಇಳಿದು ಬರ್ತಾವೆ, ಮುಗಿಯೋದೇ ಇಲ್ಲ ಅನ್ಸತ್ತೆ, ಬಾಬಾಬುಡನ್‌ಗಿರಿಯಲ್ಲಿ ಮಂಜು ಇಳಿಯೋದು ನೋಡಿದೀರಲ್ಲ ಹಂಗೆ. ಆವಾಗ ಅವಳ ನಗು ನಿಲ್ತು.

ಹಂಗಾದ್ರೆ ಯಾರು? ಎರಡು ಗಂಟೆ ಕೂರೋ ತಾಳ್ಮೆ ಇಲ್ದಿದ್ರೆ ಬರಿಷ್ನಿಕಾವ್, ಕಣ್ಮುಚ್ಚಿ ಅವ್ರಿಂದ ಶುರು ಮಾಡಿ, ವಿಡಿಯೋ ಕ್ವಾಲಿಟಿನೂ ಚೆನ್ನಾಗಿದೆ, 1977ರಲ್ಲಿ ಟಿವಿಗೆ ಮಾಡಿದ ನಟ್‌ಕ್ರ್ಯಾಕರ್ ಮನೆಮಂದಿ ಎಲ್ಲಾ ಕೂತು ನೋಡ್ಬೋದು. ಕಥೆ, ಕಣ್ಣೀರು, ಜೋಡಿ ಬೇಕು ಅನ್ನೋರಿಗೆ ನುರಿಯೇವ್ ಮತ್ತು ಫಾಂಟೇನ್ ಮಾಡಿರೋ 1966ರ ರೋಮಿಯೋ ಜೂಲಿಯೆಟ್. ಹಳೇ ಕಾಲದ ರಷ್ಯನ್ ಡ್ಯಾನ್ಸರ್ ನಿಜಿನ್ಸ್ಕಿ ಹೆಸ್ರು ಎಲ್ಲಾ ಲಿಸ್ಟಲ್ಲೂ ಮೊದ್ಲು ಬರತ್ತೆ, ಬಿಟ್ಬಿಡಿ, ಆಮೇಲೆ ಓದ್ಕೊಳಿ. ಅವ್ರು ಕುಣಿದಿದ್ದು ಒಂದು ಸೆಕೆಂಡೂ ಫಿಲ್ಮಲ್ಲಿ ಉಳಿದಿಲ್ಲ, ಫೋಟೋ ಮಾತ್ರ. ಮೂವತ್ತು ದಾಟೋ ಹೊತ್ತಿಗೆ ಮಾನಸಿಕ ಕಾಯಿಲೆ ಬಂದು ಸ್ಟೇಜೇ ಮುಗಿದುಹೋಯ್ತು, ಬದುಕಿದ್ದು 1950ರವರೆಗೆ.

ಹೆಂಗಸರಲ್ಲಿ ಆರಿಸೋದು ಇನ್ನೂ ಕಷ್ಟ. ನಾನೊಂದು ಉಪಾಯ ಮಾಡ್ತೀನಿ, ಒಂದೇ ಐಟಂನ ಇಬ್ಬರ ಹತ್ರ ನೋಡೋದು, ಒಂದೇ ಕೀರ್ತನೆ ಇಬ್ರು ಹಾಡಿದ್ದು ಕೇಳ್ದಂಗೆ. ಡೈಯಿಂಗ್ ಸ್ವಾನ್ ಅಂತ ಪುಟ್ಟ ಐಟಂ ಇದೆ, ಸಾಯ್ತಿರೋ ಹಂಸ, ನಾಲ್ಕು ನಿಮಿಷನೂ ಇರಲ್ಲ, ಫೊಕಿನ್ ಅನ್ನೋ ನೃತ್ಯ ಸಂಯೋಜಕ ಇದನ್ನ ಕಟ್ಟಿದ್ದೇ ರಷ್ಯಾದ ಅನಾ ಪಾವ್ಲೋವಾಗೋಸ್ಕರ. ಅದ್ರಲ್ಲಿ ಹಾರೋದಿಲ್ಲ ಏನಿಲ್ಲ, ಕಾಲ್ಬೆರಳ ತುದಿಯಲ್ಲಿ ಸಣ್ಣ ಸಣ್ಣ ಹೆಜ್ಜೆ, ಉಳಿದಿದ್ದೆಲ್ಲ ಕೈ. ಪಾವ್ಲೋವಾದು 1920ರ ದಶಕದ ಮೂಕಿ ಫಿಲ್ಮ್, ಕಪ್ಪು ಬಿಳುಪು, ಸ್ವಲ್ಪ ಕುಪ್ಪಳಿಸಿದಂಗೆ ಓಡತ್ತೆ. ಮೊದಲ ಸಲ ನೋಡ್ದಾಗ ಇದೇನ್ ಇಷ್ಟೇನಾ ಅನ್ಸತ್ತೆ. ಅಲ್ಲಿ ಹಂಸಕ್ಕೆ ಸಾಯೋದು ಇಷ್ಟ ಇಲ್ಲ, ಮತ್ತೆ ಮತ್ತೆ ಏಳೋಕೆ ನೋಡತ್ತೆ, ಕುತ್ತಿಗೆ ಸೋಲತ್ತೆ. ಅದೇ ಮಾಯಾ ಪ್ಲಿಸೆಟ್ಸ್ಕಾಯಾದು ನೋಡಿ, ಬೆನ್ನು ತೋರಿಸ್ಕೊಂಡೇ ಬರ್ತಾರೆ, ತೋಳು ಭುಜದಿಂದ ಬೆರಳ ತುದಿವರೆಗೂ ನೀರಿನ ಅಲೆ, ಮೊಣಕೈ ಅಂತ ಒಂದು ಮೂಳೆ ಇದೆ ಅನ್ನೋದೇ ಮರೆತುಹೋಗತ್ತೆ. ನಮ್ಮ ಹುಡುಗಿ ನಾಲ್ಕು ಸಲ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕನ್ನಡಿ ಮುಂದೆ ಟ್ರೈ ಮಾಡಿದ್ಳು, ಆರು ವರ್ಷ ಪತಾಕ ಹಸ್ತ ಹಿಡ್ದು ಗಟ್ಟಿಯಾಗಿರೋ ಮಣಿಕಟ್ಟು ಬಗ್ಗಲ್ಲ ಅಂತು.

ಚಂದಕ್ಕೆ ಪ್ಲಿಸೆಟ್ಸ್ಕಾಯಾ. ಆದ್ರೆ ಭರತನಾಟ್ಯ ಕಲಿಯೋರ ಮನೇಲಿ ಪಾವ್ಲೋವಾ ಹೆಸ್ರು ಗೊತ್ತಿರ್ಲೇಬೇಕು, ಕಾರಣ ಇದೆ. ಸ್ವಂತ ತಂಡ ಕಟ್ಕೊಂಡು ದೇಶ ದೇಶ ಸುತ್ತಿದೋರು ಅವ್ರು, ಹಡಗು, ರೈಲು, ಸಿಕ್ಕಿದ ಸ್ಟೇಜು. ಲಂಡನ್‌ನಲ್ಲಿ ಪೇಂಟಿಂಗ್ ಓದ್ತಿದ್ದ ಉದಯ್ ಶಂಕರ್ ಅವ್ರನ್ನ ಕರ್ಕೊಂಡು 1923ರಲ್ಲಿ ರಾಧಾ ಕೃಷ್ಣ ಮಾಡಿದ್ರು, ಇವ್ರೇ ರಾಧೆ. ರುಕ್ಮಿಣಿ ದೇವಿ ಅರುಂಡೇಲ್ ಮೊದ್ಲು ಕಲಿತಿದ್ದು ಬ್ಯಾಲೆನೇ ಅಂದ್ರೆ ನಂಬ್ತೀರಾ, ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿ ಹತ್ರ, ಆಮೇಲೆ ಪಾವ್ಲೋವಾನೇ ನಿಮ್ಮ ದೇಶದ ನೃತ್ಯ ಕಲೀರಿ ಅಂದಿದ್ದಂತೆ, 1936ರಲ್ಲಿ ಮದ್ರಾಸಲ್ಲಿ ಅವ್ರ ನೃತ್ಯ ಶಾಲೆ ಕಲಾಕ್ಷೇತ್ರ ಆಯ್ತು. ನಮ್ಮ ಹುಡುಗಿ ಕಲಿಯೋದು ಕಲಾಕ್ಷೇತ್ರ ಬಾನಿ. "ಅಂದ್ರೆ ನಮ್ ಮಿಸ್ಸಿನ ಮಿಸ್ಸಿನ ಮಿಸ್ಸಿಗೆ ಈಯಮ್ಮ ಫ್ರೆಂಡಾ?" ಅಂದ್ಳು. ಹೆಚ್ಚು ಕಮ್ಮಿ ಹಂಗೇ ಅಂದೆ. ಪಾವ್ಲೋವಾ ರಿಟೈರೇ ಆಗ್ಲಿಲ್ಲ, ಟೂರಲ್ಲೇ ನ್ಯುಮೋನಿಯಾ ತರದ ಕಾಯಿಲೆ ಬಂದು 1931ರ ಜನವರಿಯಲ್ಲಿ ಹಾಲೆಂಡಲ್ಲಿ ತೀರ್ಕೊಂಡ್ರು, ಐವತ್ತು ತುಂಬೋಕೆ ಮೂರು ವಾರ ಇತ್ತು.

ಪ್ಲಿಸೆಟ್ಸ್ಕಾಯಾ ಬದುಕು ಕೇಳಿದ್ರೆ ಆ ತೋಳು ಬೇರೆ ತರ ಕಾಣ್ಸತ್ತೆ. ಸ್ಟಾಲಿನ್ ಕಾಲದಲ್ಲಿ, 1938ರಲ್ಲಿ, ಅಪ್ಪನ್ನ ಗುಂಡಿಟ್ಟು ಕೊಂದ್ರು, ಅಮ್ಮನ್ನ ಕೈಗೂಸಿನ ಸಮೇತ ಕ್ಯಾಂಪಿಗೆ ಹಾಕಿದ್ರು. ಅದೇ ಸರ್ಕಾರದ, ಮಾಸ್ಕೋದ ಬೊಲ್ಷೊಯ್ ತಂಡದಲ್ಲಿ 1943ರಿಂದ ಕುಣಿದ್ರು, ಬಂದ ದೊಡ್ಡ ದೊಡ್ಡ ಅತಿಥಿಗಳಿಗೆಲ್ಲ ಸ್ವಾನ್ ಲೇಕ್ ಮಾಡಿ ತೋರಿಸ್ಬೇಕು, ಆದ್ರೆ ಬೊಲ್ಷೊಯ್ 1956ರಲ್ಲಿ ಲಂಡನ್‌ಗೆ ಹೋದಾಗ ಇವ್ರನ್ನ ಮಾತ್ರ ಬಿಟ್ಟು ಹೋದ್ರು. ಇವ್ರು ಓಡಿಹೋಗ್ಲಿಲ್ಲ, ಅಲ್ಲೇ ಇದ್ದು ಜಗಳ ಆಡಿದ್ರು. 1967ರ ಕಾರ್ಮೆನ್ ಸೂಟ್ ನೋಡಿ ಅಧಿಕಾರಿಗಳಿಗೆ ಮೈ ಉರೀತು, ಇದೇನ್ ಅಶ್ಲೀಲ ಅಂತ, ಇವ್ರು ಬಿಡ್ಲಿಲ್ಲ, ವರ್ಷಗಟ್ಟಲೆ ಕುಣಿದ್ರು.

ಇನ್ನೊಂದು ಜೋಡಿ ಬೊಲೆರೊ. ಕಟ್ಟಿದೋರು ಮೊರಿಸ್ ಬೆಜಾರ್, ಹೆಸ್ರು ಬೆಜಾರ್ ಆದ್ರೂ ಬೇಜಾರ್ ಮಾಡ್ಸಲ್ಲ. ಕೆಂಪು ದುಂಡನೆ ಮೇಜು, ಅದ್ರ ಮೇಲೆ ಒಬ್ರೇ, ಸಂಗೀತಗಾರ ರಾವೆಲ್‌ದು ಅದೇ ಒಂದು ರಾಗ ಸುತ್ತಿ ಸುತ್ತಿ ಬರ್ತಾ ಜೋರಾಗ್ತಾ ಹೋಗತ್ತೆ. ಪ್ಲಿಸೆಟ್ಸ್ಕಾಯಾ ಇದನ್ನ ಮಾಡಿದ್ದು 1975ರಲ್ಲಿ, ಐವತ್ತು ಹತ್ರ. ಸ್ಟೆಪ್ಪಿನ ಕ್ರಮ ನೆನಪಿಡೋಕೆ ಒದ್ದಾಡಿದ್ರಂತೆ, ಬೆಜಾರ್ ಹಾಲಿನ ಹಿಂದೆ ನಿಂತು ಸನ್ನೆ ಮಾಡಿ ತೋರಿಸಿದ್ರಂತೆ, ನಮ್ಮ ಊರ ನಾಟಕದಲ್ಲಿ ಸೈಡ್‌ವಿಂಗ್‌ನಿಂದ ಡೈಲಾಗ್ ಎತ್ತಿಕೊಡೋರು ಇರ್ತಾರಲ್ಲ ಹಂಗೆ. ಫ್ರಾನ್ಸಿನ ಸಿಲ್ವಿ ಗಿಯೆಮ್ ಕೂಡ ಇದನ್ನೇ ಮಾಡಿದಾರೆ. ಜಿಮ್ನಾಸ್ಟಿಕ್ಸ್ ಹುಡುಗಿ, ಕಾಲು ಕಿವಿ ಪಕ್ಕಕ್ಕೆ ಗಡಿಯಾರದ ಆರು ಗಂಟೆ ಮುಳ್ಳಿನಂಗೆ ನೆಟ್ಟಗೆ ನಿಲ್ಲತ್ತೆ. 19ನೇ ವಯಸ್ಸಿಗೇ, 1984ರಲ್ಲಿ, ಇದೇ ನುರಿಯೇವ್ ಅವ್ರನ್ನ ಪ್ಯಾರಿಸ್‌ನಲ್ಲಿ ಎತ್ವಾಲ್ ಮಾಡಿದ್ರು, ಅದೇ ಅಲ್ಲಿ ಎಲ್ಲಕ್ಕಿಂತ ಮೇಲಿನ ಪಟ್ಟ. 1989ರಲ್ಲಿ ಬಿಟ್ಟು ಲಂಡನ್‌ಗೆ ಹೋದ್ರು. ಇಷ್ಟ ಇಲ್ದಿದ್ದನ್ನ ಇಲ್ಲ ಅಂತಾನೇ ಹೇಳೋರು, ಅದಕ್ಕೇ ಮದ್‌ಮ್ವಾಸೆಲ್ ನೋ ಅಂತ ಅಡ್ಡ ಹೆಸ್ರು, ಮೇಡಂ ಬೇಡ ಅಂದಂಗೆ. ಕಥಕ್ ಗೊತ್ತಿರೋ ಅಕ್ರಂ ಖಾನ್ ಜೊತೆ 2006ರಲ್ಲಿ ಸೇಕ್ರೆಡ್ ಮಾನ್‌ಸ್ಟರ್ಸ್ ಮಾಡಿದಾರೆ, ಅದು ನಮ್ಮ ಕಣ್ಣಿಗೆ ಬೇಗ ಹತ್ರ ಆಗತ್ತೆ. ಐವತ್ತಕ್ಕೆ ನಿಲ್ಲಿಸ್ತೀನಿ ಅಂದ್ರು, 2015ರ ಡಿಸೆಂಬರ್ 31ರ ರಾತ್ರಿ ಜಪಾನಲ್ಲಿ ಬೊಲೆರೊ ಮಾಡಿ ನಿಲ್ಲಿಸಿಯೇ ಬಿಟ್ರು. ಇಷ್ಟು ಲೆಕ್ಕವಾಗಿ ಬಿಡೋರನ್ನ ಕಂಡ್ರೆ ನಂಗೆ ಗೌರವ, ಪ್ರೀತಿ ಮಾತ್ರ ಪ್ಲಿಸೆಟ್ಸ್ಕಾಯಾ ಮೇಲೇ.

ನಮ್ಮ ಮಗೂಗೆ ವಯಸ್ಸಾಯ್ತು, ಈಗ ಸೇರಿಸಿದ್ರೆ ಏನ್ ಕಲಿತಾಳೆ ಅನ್ನೋ ಅಮ್ಮಂದಿರಿಗೆ ಮಿಸ್ಟಿ ಕೋಪ್‌ಲ್ಯಾಂಡ್ ತೋರ್ಸಿ. 13ಕ್ಕೆ ಶುರು ಮಾಡಿದ್ದು, ಮನೆಯಿಲ್ದೆ ಮೋಟೆಲ್ ರೂಮಲ್ಲಿ ಇದ್ದಿದ್ದು, ಕಾಲಿನ ಮೂಳೆ ಬಿರುಕು ಬಿಟ್ಟು ಪ್ಲೇಟ್ ಹಾಕಿಸ್ಕೊಂಡಿದ್ದು, 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನಲ್ಲಿ ಪ್ರಿನ್ಸಿಪಲ್, ಅಂದ್ರೆ ಮುಖ್ಯ ನರ್ತಕಿ ಆದ ಮೊದಲ ಕಪ್ಪು ಮಹಿಳೆ. ಗಂಡುಮಕ್ಕಳಿಗೆ ಕಾರ್ಲೋಸ್ ಅಕೋಸ್ಟಾ, ಹವಾನಾದ ಲಾರಿ ಡ್ರೈವರ್ ಮಗ, 11 ಮಕ್ಕಳಲ್ಲಿ ಕೊನೇದು, ಫುಟ್‌ಬಾಲ್ ಹುಚ್ಚು, ಬೀದಿ ಸುತ್ತೋದು ಬಿಡ್ಲಿ ಅಂತ ಅಪ್ಪನೇ ಬ್ಯಾಲೆ ಸ್ಕೂಲಿಗೆ ಹಾಕಿದ್ದು, ಅಲ್ಲಿ ಊಟನೂ ಕೊಡ್ತಿದ್ರು. 1990ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಬ್ಯಾಲೆ ಸ್ಪರ್ಧೆ ಗೆದ್ದು, ಲಂಡನ್‌ನ ರಾಯಲ್ ಬ್ಯಾಲೆಯಲ್ಲಿ ವರ್ಷಗಟ್ಟಲೆ ಮಿಂಚಿ, ಈಗ ಬರ್ಮಿಂಗ್‌ಹ್ಯಾಂ ತಂಡ ನಡೆಸ್ತಿದಾರೆ. ನಮ್ಮಲ್ಲಿ ಗಂಡು ಹುಡುಗ ಗೆಜ್ಜೆ ಕಟ್ತೀನಿ ಅಂದ್ರೆ ಇವತ್ತಿಗೂ ಮನೆಯಲ್ಲಿ ಒಂದು ಸುತ್ತು ಮೀಟಿಂಗ್ ಆಗತ್ತೆ, ಅಲ್ಲಿ ಅಪ್ಪನೇ ಕತ್ತು ಹಿಡ್ದು ಸೇರಿಸಿದಾರೆ ನೋಡಿ.

ಭಾನುವಾರ ಎಲ್ರೂ ಬೇಲೂರಿಗೆ ಹೋಗಿದ್ವಿ. ಚಪ್ಪಲಿ ಹೊರಗೆ ಬಿಟ್ಟು ಸಾಕ್ಸಲ್ಲಿ ನಡೀತಿದ್ವಿ, ಹನ್ನೆರಡು ಗಂಟೆ ಬಿಸಿಲಿಗೆ ಆ ಕಲ್ಲು ಕಾವಲಿ. ನಮ್ಮ ಹುಡುಗಿ ಮದನಿಕೆ ಕೆಳಗೆ ನಿಂತು, ಶಿಲ್ಪ ನೋಡೋದು ಬಿಟ್ಟು, ಜಗತಿ ಮೇಲೆ ಸಾಕ್ಸಲ್ಲೇ ಅರಬೆಸ್ಕ್ ಹಾಕೋಕೆ ಹೋಗಿ ಜಾರಿ ಅವ್ರಮ್ಮನ ಸೆರಗು ಹಿಡ್ಕೊಂಡ್ಳು. ಅಕ್ಕ ನನ್ನ ಕಡೆ ಒಂದು ನೋಟ ನೋಡಿದ್ಳು. ವಾಪಸ್ ಬರ್ತಾ ಕಾರಲ್ಲಿ ಕೇಳ್ದೆ, ಯಾರನ್ನ ಆರಿಸ್ಕೊಂಡೆ ಅಂತ. ಬರಿಷ್ನಿಕಾವ್ ಅಂತಾಳೆ ಅಂದ್ಕೊಂಡಿದ್ದೆ. "ಅಲೊನ್ಸೋ" ಅಂದ್ಳು.

ನಾನು ಆ ಹೆಸ್ರನ್ನ ಲಿಸ್ಟಿನ ಕೊನೇಲಿ ಸುಮ್ನೆ ಹೇಳಿದ್ದೆ. ಅಲಿಸಿಯಾ ಅಲೊನ್ಸೋ, ಕ್ಯೂಬಾ. ಇಪ್ಪತ್ತರ ಆಸುಪಾಸಲ್ಲಿ ಕಣ್ಣಿನ ರೆಟಿನಾ ಕಳಚ್ಕೊಂಡು ಆಪರೇಷನ್ ಮೇಲೆ ಆಪರೇಷನ್, ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಆಡಿಸ್ಬಾರ್ದು, ನಗಬಾರ್ದು, ಅಳಬಾರ್ದು ಅಂತ ಹೇಳಿ ಸುಮಾರು ಒಂದು ವರ್ಷ ಮಲಗಿಸಿದ್ರು. ಗಂಡ ಫರ್ನಾಂಡೋ ಪಕ್ಕದಲ್ಲಿ ಕೂತು ಅವ್ರ ಬೆರಳಲ್ಲೇ ಜಿಸೆಲ್ ಸ್ಟೆಪ್ ಹೇಳ್ಕೊಟ್ರು, ಹಾಸಿಗೆ ಮೇಲೆ ಎರಡು ಬೆರಳು ಎರಡು ಕಾಲು. 1943ರ ನವೆಂಬರ್ 2ಕ್ಕೆ ನ್ಯೂಯಾರ್ಕಲ್ಲಿ ಜಿಸೆಲ್ ಮಾಡ್ಬೇಕಿದ್ದ ಮಾರ್ಕೋವಾಗೆ ಹುಷಾರಿಲ್ಲ, ಇವ್ರು ಸ್ಟೇಜಿಗೆ ಹೋದ್ರು, ಆ ಪಾತ್ರ ಆಮೇಲೆ ಇವ್ರದ್ದೇ ಆಗೋಯ್ತು. ಕಣ್ಣು ಪೂರ್ತಿ ಬರ್ಲೇ ಇಲ್ಲ. ಸ್ಟೇಜಿನ ಅಂಚಿಗೆ ಬೇರೆ ಬೇರೆ ಬಣ್ಣದ ಜೋರು ಲೈಟು, ಜೊತೆಯೋನು ಅಂಗುಲ ಆಚೀಚೆ ಆಗದೆ ಅದೇ ಜಾಗದಲ್ಲಿ ನಿಂತಿರ್ಬೇಕು, ಆ ಲೆಕ್ಕದಲ್ಲಿ ಎಪ್ಪತ್ತು ದಾಟೋವರ್ಗೂ ಕುಣಿದ್ರು. 1948ರಲ್ಲಿ ಸ್ವಂತ ತಂಡ ಕಟ್ಟಿದ್ರು, ಅಕೋಸ್ಟಾ ಎಲ್ಲಾ ಬಂದಿದ್ದು ಆ ಬೇರಿಂದಲೇ. ಆದ್ರೆ ಖುರ್ಚಿ ಬಿಡ್ಲಿಲ್ಲ, ಹೊಸಬ್ರಿಗೆ ಜಾಗ ಕೊಡ್ಲಿಲ್ಲ ಅನ್ನೋ ದೂರೂ ಇದೆ, ಟೂರಿಗೆ ಹೋದ ಎಷ್ಟೋ ಹುಡುಗ್ರು ಹೊರದೇಶದಲ್ಲೇ ಉಳ್ಕೊಂಡ್ರು. ಅದನ್ನೂ ಪ್ರಾಜೆಕ್ಟಲ್ಲಿ ಬರಿ ಅಂದೆ. ಸರಿ ಅಂದ್ಳು.

ರಾತ್ರಿ ಕರೆಂಟ್ ಹೋಗಿತ್ತು. ನೋಡಿದ್ರೆ ನನ್ನ ಮಂಚದ ಮೇಲೆ ಅಂಗಾತ ಮಲಗಿ, ಕಣ್ಣಿಗೆ ದುಪಟ್ಟಾ ಕಟ್ಕೊಂಡು, ಬೆಡ್‌ಶೀಟ್ ಮೇಲೆ ಎರಡೆರಡು ಬೆರಳಲ್ಲಿ ಜತಿಸ್ವರ ಮಾಡ್ತಿದಾಳೆ, ಬಾಯಲ್ಲಿ ಮೆಲ್ಲಗೆ ತಾಳ ಹೇಳ್ಕೊಂಡು. ಮೂರನೇ ಜತೀಲಿ ಎಡಗೈ ತಪ್ಪಿತು. ಥತ್ ಅಂದು ಮೊದ್ಲಿಂದ ಶುರು ಮಾಡಿದ್ಳು.